ಬೇರೆಯವರ ಮನೆಯ ಹೆಣ್ಣುಮಕ್ಕಳು

ನಮ್ಮ ಮಾಷ್ಟ್ರಿಗೆ ಕಾಲಿಗೆ ಮೆಟ್ಟು ಹಾಕಿದವರನ್ನು ಕಂಡರೆ ಆಗುತ್ತಿರಲಿಲ್ಲ. ಶಾಲೆಗೆ ಇನ್‌ಸ್ಪೆಕ್ಟರು ಬಂದಾಗಲೂ ಬರಿಗಾಲಲ್ಲೇ ನಿಂತಿದ್ದರಂತೆ. ಎದುರಿಗೆ ಬಂದವರ ಮುಖ ನೋಡುವ ಮೊದಲು ಪಾದ ನೋಡುವುದು ಅವರ ಅಭ್ಯಾಸ. "ಮನುಷ್ಯ ಬಾಯಲ್ಲಿ ಸುಳ್ಳು ಹೇಳಿಯಾನು, ಕಣ್ಣಲ್ಲಿ ಹೇಳಿಯಾನು, ಕಾಲಲ್ಲಿ ಮಾತ್ರ ಹೇಳಲಾರ" ಎನ್ನುತ್ತಿದ್ದರು. ಮಳೆಗೂ ಬಿಸಿಲಿಗೂ ಕಂಕುಳಲ್ಲಿ ಒಂದು ಕಪ್ಪು ಕೊಡೆ. ಅದನ್ನು ಬಿಡಿಸಿದ್ದನ್ನು ನಾನು ಕಂಡದ್ದು ಕಡಿಮೆ. ಅದರ ಮರದ ಹಿಡಿಯ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಕೋಟೇಶ್ವರದ ಪೇಟೆಯಲ್ಲಿ ನಡೆದು ಬಂದರೆ, ಅಂಗಡಿಯವರು ತಲೆ ಎತ್ತದೆಯೇ ಮಾಷ್ಟ್ರು ಬಂದರು ಅನ್ನುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಫೋಟೋ ಸಮೇತ ಬಂತು. ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಮೊದಲು ರಂಗಕ್ಕೆ ಹತ್ತಿಸಿದವರು, ಧೈರ್ಯಸ್ಥರು, ಕಾಲಕ್ಕಿಂತ ಮುಂದಿದ್ದವರು ಎಂದೆಲ್ಲ ಬರೆದಿದ್ದರು. ಹಾಗೆ ಹತ್ತಿಸಿಕೊಂಡ ನಾಲ್ವರು ಹುಡುಗಿಯರಲ್ಲಿ ನಾನೊಬ್ಬಳು. ಬರೆದವರು ಯಾರೂ ನನ್ನನ್ನು ಬಂದು ಕೇಳಲಿಲ್ಲ. ಕೇಳದಿದ್ದರೆ ಏನಂತೆ, ಬಾಯಿ ನನ್ನದು ಇನ್ನೂ ಗಟ್ಟಿ ಇದೆ. ಸತ್ತವರನ್ನು ಬೈಯಬಾರದಂತೆ. ನಾನು ಬೈಯುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಅಷ್ಟೇ ಸಾಕಾಗುತ್ತದೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಮಾಷ್ಟ್ರು ಒಂದು ಬೇಸಿಗೆ ರಜೆಯಲ್ಲಿ ಬೊಂಬಾಯಿಗೆ, ಹೋಟೆಲಿಟ್ಟಿದ್ದ ತಮ್ಮನ ಮನೆಗೆ ಹೋದರು. ಅಲ್ಲಿ ಉತ್ತರದ ಕಡೆಯ ಯಾವುದೋ ತಂಡದ ಹೊಸ ಬಗೆಯ ನೃತ್ಯ ನೋಡಿದರು. ತಿರುಗಿ ಬಂದವರಿಗೆ ಊಟ ತಿಂಡಿಯ ಮೇಲೂ ಧ್ಯಾನವಿಲ್ಲ. ಮಾತಿಲ್ಲ, ಅರ್ಥ ಹೇಳುವುದಿಲ್ಲ, ರಾಜನೂ ಇಲ್ಲ ರಾಕ್ಷಸನೂ ಇಲ್ಲ, ಬರೀ ಮೈಯೇ ಕತೆ ಹೇಳುತ್ತದೆ ಎಂದು ಸಿಕ್ಕಿದವರನ್ನೆಲ್ಲ ಹಿಡಿದು ನಿಲ್ಲಿಸಿ ಹೇಳುತ್ತಿದ್ದರು. ನಮ್ಮಲ್ಲೂ ಅಂಥದ್ದೊಂದು ಆಗಬೇಕು, ಇಡೀ ರಾತ್ರಿಯ ಯಕ್ಷಗಾನದ ಆಟ ಸಾಕು, ಸಂಜೆ ಶುರುವಾಗಿ ಒಂಬತ್ತಕ್ಕೆಲ್ಲ ಮುಗಿಯಬೇಕು. ಎಲ್ಲಕ್ಕಿಂತ ಮುಖ್ಯ, ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು.

ಈ ಕೊನೆಯ ಮಾತು ಬಂದಾಗ ಅವರಿಗೆ ಆವೇಶ ಬರುತ್ತಿತ್ತು. ಆಗ ನಮ್ಮ ಮೇಳಗಳಲ್ಲಿ ಸ್ತ್ರೀವೇಷ ಕಟ್ಟುವವರೆಲ್ಲ ಗಂಡಸರೇ. ಮಾಷ್ಟ್ರು ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ತಲೆಗೆ ಹೊದ್ದು, ಸೊಂಟ ತಿರುಗಿಸಿ, ಅವರ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದರು. ಮೀಸೆ ಬೋಳಿಸಿದ ಗಂಡಸು ಸೀರೆ ಉಟ್ಟು ನಾಚಿಕೊಂಡರೆ ಅದು ಹೆಣ್ಣು ಕುಲಕ್ಕೇ ಅವಮಾನ ಎನ್ನುತ್ತಿದ್ದರು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಮ್ಮ ಮನೆಗೆ ಅವರು ಬಂದಾಗ ನನಗೆ ಹದಿನಾಲ್ಕು ವರ್ಷ. ಅಮ್ಮ ಅವಲಕ್ಕಿ ಕುಟ್ಟುತ್ತಿದ್ದಳು. ಮಾಷ್ಟ್ರು ಜಗಲಿಯ ಮೇಲೆ ಕೂತು, ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಸಭೆಯಲ್ಲಿ ಆಡುವ ಗ್ರಂಥದ ಕನ್ನಡ ಬಿಟ್ಟು ಮನೆಮಾತಿನಲ್ಲಿ ಹೇಳಿದರು: "ಅಕ್ಕ, ನಿಮ್ಮ್ ಹೆಣ್ಣನ್ನ್ ನಂಗ್ ಬಿಟ್ ಕೊಡಿ. ನನ್ ಮಗ್ಳ್ ಹ್ಯಾಂಗೋ ಇದೂ ಹಾಂಗೆ."

"ಇವ್ರ್ ಬೊಂಬಾಯಿಂದ ಬಂದ್ರೆ ಎಂತ ಹೇಳ್ತ್ರೋ ಎಂತದೋ," ಎಂದಳು ಅಮ್ಮ.

"ಬಂದ್ರೆ ನಾನ್ ಮಾತಾಡ್ತೆ."

ಅಪ್ಪ ಬರುವವರಲ್ಲ ಎಂದು ಅಮ್ಮನಿಗೂ ಗೊತ್ತಿತ್ತು, ಮಾಷ್ಟ್ರಿಗೂ ಗೊತ್ತಿತ್ತು. ಅಪ್ಪ ಬೊಂಬಾಯಿಯ ಹೋಟೆಲು ಸೇರಿ ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ ಸಂಗತಿ ಊರಿಗೇ ಗೊತ್ತು. ನಾನು ದೊಡ್ಡವಳಾದ ಮೇಲೆ ಒಂದು ದಿನ ಸುಮ್ಮನೆ ಕೂತು ಯೋಚಿಸಿದಾಗ ಹೊಳೆಯಿತು. ತಲ್ಲೂರಿನ ಹುಡುಗಿಯ ಅಪ್ಪ ಹಾವು ಕಚ್ಚಿ ಸತ್ತಿದ್ದ. ಅಮ್ಮನ ಜೊತೆ ಕೋಟೇಶ್ವರಕ್ಕೆ ಬಂದು ಸೇರಿದ್ದ ಬೈಂದೂರಿನವಳ ಅಪ್ಪ ಮಚ್ವೆ ಹತ್ತಿ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಇನ್ನೊಬ್ಬಳನ್ನು ಅಜ್ಜಿ ಸಾಕಿದ್ದು. ಬೇಡ ಅನ್ನುವ ಗಂಡಸು ಇಲ್ಲದ ಮನೆಗಳನ್ನೇ ಮಾಷ್ಟ್ರು ಹುಡುಕಿಕೊಂಡು ಹೋಗಿದ್ದರು. ನೆರೆಮನೆಯ ಮುದುಕಿ ಆಗಲೇ ಅಮ್ಮನಿಗೆ ಹೇಳಿದ್ದಳು, ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಇವರು ಎಂದು. ಅಮ್ಮ ಆ ಮುದುಕಿಯ ಹತ್ತಿರ ಆರು ತಿಂಗಳು ಮಾತು ಬಿಟ್ಟಳು.

ನಮಗೆ ಪಾಠ ಆಗುತ್ತಿದ್ದುದು ಬೀಜಾಡಿಯ ಕಡಲ ದಂಡೆಯಲ್ಲಿ. ಬೆಳಿಗ್ಗೆ ನೀರು ಇಳಿದ ದಿನಗಳಲ್ಲಿ ಮಾತ್ರ. ನೀರು ಇಳಿದ ಮೇಲೆ ಒದ್ದೆ ಮರಳು ಹಲಗೆಯ ಹಾಗೆ ಗಟ್ಟಿಯಾಗಿರುತ್ತದೆ, ಕಾಲಿಟ್ಟರೆ ಅಚ್ಚು ನಿಲ್ಲುತ್ತದೆ. ನಾವು ಹೋಗುವಷ್ಟರಲ್ಲಿ ಅಲ್ಲಿ ಹೆಜ್ಜೆಯ ಗುರುತುಗಳು ಬಿದ್ದಿರುತ್ತಿದ್ದವು. ನೇರ ಬಂದು, ಸುತ್ತಿ, ಒಂದು ಕಡೆ ಹಿಮ್ಮಡಿ ಮಾತ್ರ ಊರಿ, ಇನ್ನೊಂದು ಕಡೆ ಬೆರಳ ತುದಿಯಲ್ಲಿ ಓಡಿದ ಗುರುತುಗಳು. ಮಾಷ್ಟ್ರು ಬದಿಯಲ್ಲಿ ನಿಂತು ತಾಳ ಹಾಕುತ್ತ ಹಾಡುತ್ತಿದ್ದರು, ನಾವು ಆ ಗುರುತುಗಳ ಮೇಲೆ ಕಾಲಿಟ್ಟುಕೊಂಡು ಹೋಗಬೇಕು. "ಅಲ್ಲಿ ಆಳ ಕಾಣ್, ಅಲ್ಲಿ ಮೈಯ ಭಾರ ಬಿಡ್ಕ್. ಇಲ್ಲಿ ಬರೀ ಗೀರ್, ಇಲ್ಲಿ ತೇಲ್ಕ್," ಎಂದು ಕೊಡೆಯ ತುದಿಯಿಂದ ತೋರಿಸುತ್ತಿದ್ದರು. ಕೈ, ಕುತ್ತಿಗೆ, ಕಣ್ಣು ಹೇಗೆ ಎಂಬುದನ್ನು ಬಾಯಲ್ಲಿ ವರ್ಣಿಸುತ್ತಿದ್ದರು. ವರ್ಣನೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಹೊಳೆ ಬಂಡೆಗೆ ತಾಗುವುದನ್ನು ಹೇಳಿದರೆ ನಮಗೆ ಮೊಣಕಾಲು ನೊಂದ ಹಾಗಾಗುತ್ತಿತ್ತು.

ಬಹಳ ದಿನ ಆ ಹೆಜ್ಜೆಗಳು ಮಾಷ್ಟ್ರದ್ದೇ ಅಂದುಕೊಂಡಿದ್ದೆವು. ಒಂದು ದಿನ ನಾನು ಹೊತ್ತಿನ ಅಂದಾಜು ತಪ್ಪಿ ಬೇಗ ಹೊರಟುಬಿಟ್ಟೆ. ಇನ್ನೂ ಮಬ್ಬು ಬೆಳಕು. ರಂಪಣಿ ಬಲೆ ಎಳೆಯುವವರು ಬಂದಿರಲಿಲ್ಲ. ಮರಳಿನ ಮೇಲೆ ಒಬ್ಬಳು ಹುಡುಗಿ ಲಂಗ ಎತ್ತಿ ಕಟ್ಟಿಕೊಂಡು ಕುಣಿಯುತ್ತಿದ್ದಳು. ಮಾಷ್ಟ್ರ ಮಗಳು, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಗೆಜ್ಜೆಯಿಲ್ಲ, ಹಾಡಿಲ್ಲ. ಅವಳು ತಿರುಗಿದರೆ ಕಡಲೇ ಆ ಕಡೆಗೆ ವಾಲಿತೇನೋ ಅನ್ನಿಸಿತು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಆಮೇಲೆ ನೋಡಿದರೆ, ಮಾಷ್ಟ್ರು ಅವಳಿಗೆ ಬೆನ್ನು ಹಾಕಿ ಕೂತಿದ್ದರು. ಅವರ ಕಣ್ಣು ದಾರಿಯ ಮೇಲಿತ್ತು, ಯಾರಾದರೂ ಬಂದಾರೆಂದು ಕಾವಲು.

ನನ್ನನ್ನು ಕಂಡು ಒಂದು ಸಲ ಕೆಮ್ಮಿದರು. ಅವಳು ಲಂಗ ಇಳಿಸಿ, ತಲೆ ತಗ್ಗಿಸಿ, ಮನೆಯ ದಾರಿ ಹಿಡಿದಳು. "ಕಂಡದ್ದ್ ಬಾಯ್ ಬಿಡ್ಬೇಡ ಮಗಾ, ಮದಿ ಆಯ್ಕಾದ್ ಹೆಣ್ಣ್ ಅದ್," ಎಂದರು. ನಾನು ಮದುವೆ ಆಗಬೇಕಾದ ಹೆಣ್ಣಲ್ಲವೇ ಎಂದು ಕೇಳುವ ಬುದ್ಧಿ ಆಗ ನನಗಿರಲಿಲ್ಲ.

ನಡೆದದ್ದಿಷ್ಟು. ಬೊಂಬಾಯಿಯಿಂದ ಬಂದವರು ಕಂಡದ್ದನ್ನು ಮಗಳಿಗೆ ವರ್ಣಿಸಿದ್ದಾರೆ, ಅವಳು ಹಿತ್ತಲಲ್ಲಿ ನಿಂತು ಅದನ್ನು ಮೈಗೆ ತಂದುಕೊಂಡಿದ್ದಾಳೆ. ಅವರಲ್ಲಿ ಮಾತಿತ್ತು, ಅವಳಲ್ಲಿ ಕಾಲಿತ್ತು. ನಮ್ಮ ತಂಡದ ಅಷ್ಟೂ ನೃತ್ಯ ಹುಟ್ಟಿದ್ದು ಹೀಗೆ.

ಹಾಗೆಂದು ಅವರು ಪುಕ್ಕಲರೆಂದರೆ ನನ್ನ ನಾಲಗೆಗೆ ದೋಷ ಬಂದೀತು. ಬೈಂದೂರಿನಲ್ಲಿ ನಮ್ಮ ಪ್ರದರ್ಶನ ಇದ್ದ ದಿನ ಪೆಟ್ರೋಲಿನ ಬದಲು ಇದ್ದಿಲಿನಲ್ಲಿ ಓಡುವ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು, ನಾವು ವೇಷದ ಗಂಟು ಹೊತ್ತುಕೊಂಡು ನಡೆದು ಹೋಗಿದ್ದೆವು. ಅಲ್ಲಿ ಚಪ್ಪರದ ಬಾಗಿಲಲ್ಲಿ ಒಂದಷ್ಟು ಜನ ಸೇರಿ, ಕುಣಿಯುವ ಹೆಂಗಸರನ್ನು ಊರಿಗೆ ತಂದಿದ್ದೀರಿ ಎಂದು ಬಾಯಿಗೆ ಬಂದದ್ದು ಬೈದರು. ಯಾರೋ ಸಗಣಿ ಎಸೆದರು. ಅದು ಮಾಷ್ಟ್ರ ಅಂಗಿಯ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ. "ಹ್ವಾಯ್, ಇನ್ನೂ ಇದ್ರೆ ನಂಗೇ ಹೊಡಿನಿ. ಇವು ನನ್ ಮಕ್ಳ್, ಇವ್ಕೆ ಒಂದ್ ಹನಿ ತಾಗ್ರೂ ನಾನ್ ಇಲ್ಲಿಂದ ಹೆಣ ಆಯೇ ಹೋಪ್ದ್," ಎಂದು ಬಾಗಿಲಿಗೆ ಅಡ್ಡ ನಿಂತರು. ಪ್ರದರ್ಶನ ಮುಗಿಯುವವರೆಗೂ ಅದೇ ಅಂಗಿಯಲ್ಲಿ ನಿಂತಿದ್ದರು. ಆ ದಿನ ನನ್ನ ಪ್ರಾಣ ಕೇಳಿದ್ದರೂ ಕೊಡುತ್ತಿದ್ದೆ. ಅಪ್ಪ ಎಂದರೆ ಹೀಗಿರುತ್ತಾರೆ ಎಂದು ಅಂದುಕೊಂಡಿದ್ದೆ.

ಗುಟ್ಟು ತಿಳಿದ ಮೇಲೆ ನಾನು ಅವರ ಮನೆಗೆ ಹೋಗಿಬರುವುದು ಹೆಚ್ಚಾಯಿತು. ಮಗಳು ಹಿಟ್ಟು ರುಬ್ಬುತ್ತಿದ್ದರೆ ನಾನು ಎದುರಿಗೆ ಕೂತು ನಮ್ಮ ಪ್ರದರ್ಶನಗಳ ಕತೆ ಹೇಳಬೇಕು. ಅವಳಿಗೆ ಬೇಕಾಗಿದ್ದುದು ಜನ ಚಪ್ಪಾಳೆ ತಟ್ಟಿದ ಕತೆಯಲ್ಲ.

"ಹಲ್ಗಿ ಮೇಲೆ ಕುಣಿವತಿಗೆ ಹ್ಯಾಂಗ್ ಆತ್ತ್ ಹೆಣ್ಣೇ?" ಎಂದು ಕೇಳುತ್ತಿದ್ದಳು. "ಗೆಜ್ಜಿ ಸದ್ದ್ ಕಾಲಿಗೇ ತಿರ್ಗಿ ಬತ್ತಾ?"

"ಬತ್ತ್. ಮೈಯೆಲ್ಲ ಬತ್ತ್."

"ನಾನ್ ಗೆಜ್ಜಿ ಕಟ್ಟದ್ದೇ ಇಲ್ಲ ಕಾಣ್. ಮರ್ಳಲ್ ಕಟ್ಟಿ ಎಂತ ಮಾಡುದ್? ಒಂದೇ ಒಂದ್ ಸಲಿ ಹಲ್ಗಿ ಮೇಲೆ ಕಟ್ಕಂಡ್ ಕುಣುಕ್ ಸಿಕ್ರ್ ಸಾಕಿತ್, ಮತ್ತೆ ಮದಿ ಆಯಿ ಎಲ್ಲಿಗಾರೂ ಹೋತೆ."

ಅವಳ ಆಸೆ ಇದ್ದದ್ದು ಅಷ್ಟೇ. ಅವಳು ಯಾವತ್ತೂ ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಆ ಒಂದು ಸಲ ಬಂತು. ಕುಂದಾಪುರದ ಒಂದು ಶಾಲೆಯ ಹಾಲಿನಲ್ಲಿ ನಮ್ಮ ದೊಡ್ಡ ಪ್ರದರ್ಶನ. ಹೊಳೆಯೊಂದು ಘಟ್ಟ ಇಳಿದು ಕಡಲು ಸೇರುವ ನೃತ್ಯ. ನಡುವಿನ ಹೊಳೆಯ ಪಾತ್ರ ತಲ್ಲೂರಿನ ಹುಡುಗಿಯದು. ಬಟ್ಟೆಗೆ ಕಂಟ್ರೋಲು ಇದ್ದ ಕಾಲ, ಹಳೆಯ ಧೋತ್ರಗಳಿಗೆ ಬಣ್ಣ ಹಾಕಿ ವೇಷ ಹೊಲಿದಿದ್ದೆವು. ಪ್ರದರ್ಶನದ ದಿನ ಬೆಳಿಗ್ಗೆ ತಲ್ಲೂರಿನಿಂದ ಆಳು ಬಂದ. ಹುಡುಗಿಗೆ ಚಳಿಜ್ವರ, ಎದ್ದು ಕೂರುವ ಹಾಗಿಲ್ಲ.

ನಾವೆಲ್ಲ ಮಾಷ್ಟ್ರ ಮನೆಯ ಅಂಗಳದಲ್ಲಿದ್ದೆವು. ಮಗಳ ಗುಟ್ಟು ಅಷ್ಟರಲ್ಲಿ ಉಳಿದವರಿಗೂ ತಿಳಿದಿತ್ತು, ಎಲ್ಲರೂ ಒಳಬಾಗಿಲ ಕಡೆ ನೋಡಿದೆವು. ಮಗಳು ಹೊಸ್ತಿಲ ಒಳಗೆ ನಿಂತಿದ್ದಳು. ಕೈ ಒರೆಸಿಕೊಂಡಳು. ತಂಡದ ಎಲ್ಲ ಪಾತ್ರಗಳೂ ಅವಳ ಕಾಲಿನಿಂದಲೇ ಬಂದವು, ಅವಳಿಗೆ ಕಲಿಯಬೇಕಾದ್ದೇ ಇರಲಿಲ್ಲ. "ಅಪ್ಪಯ್ಯ, ನಾನ್ ಬತ್ತೆ," ಎಂದಳು. ಅವಳು ಅಪ್ಪನೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಾಷ್ಟ್ರು ಅವಳ ಮುಖ ನೋಡಲಿಲ್ಲ. "ಬ್ರಹ್ಮಾವರದೋರ್ ಇವತ್ತ್ ಆಟ ಕಾಂಬುಕ್ ಬತ್ರ್," ಎಂದರು ಕೊಡೆಗೆ ಹೇಳಿದ ಹಾಗೆ. ಬ್ರಹ್ಮಾವರದವರೆಂದರೆ ಅವಳನ್ನು ಸೊಸೆ ಮಾಡಿಕೊಳ್ಳಲು ಮಾತುಕತೆ ನಡೆಸಿದ್ದವರು. ನಂಟಸ್ತಿಕೆ ಇನ್ನೂ ಗಟ್ಟಿಯಾಗಿರಲಿಲ್ಲ, ಅವರು ಹೆಣ್ಣನ್ನು ನೋಡಿಯೂ ಇರಲಿಲ್ಲ. ಮಾಷ್ಟ್ರು ಕೊಡೆ ಎತ್ತಿಕೊಂಡು ಹೊರಟುಹೋದರು.

ಪ್ರದರ್ಶನ ನಿಲ್ಲಿಸಲಿಕ್ಕೆ ಹೋದರೇನೋ ಅಂದುಕೊಂಡೆವು. ಹೊತ್ತು ಏರುವಾಗ ತಿರುಗಿ ಬಂದರು. ಜೊತೆಯಲ್ಲಿ ಒಬ್ಬ ಗಂಡಸು. ಹತ್ತಿರದಲ್ಲಿ ಬಿಡಾರ ಮಾಡಿದ್ದ ಮೇಳದ ಸ್ತ್ರೀವೇಷಧಾರಿ, ನಲವತ್ತು ದಾಟಿದವರು. ಮಾಷ್ಟ್ರು ಬೈರಾಸು ಹೊದ್ದು ಅಣಕಿಸುತ್ತಿದ್ದರಲ್ಲ, ಆ ಕುಲದವರು.

ಅವರಿಗೆ ಹೊಳೆಯ ಪಾತ್ರ ಕಲಿಸಬೇಕು. ಯಾರು ಕಲಿಸುವುದು? ಹಿತ್ತಲಿನ ಬಾಗಿಲು ಹಾಕಿಸಿ ಮಾಷ್ಟ್ರು ಮಗಳನ್ನೇ ಕರೆದರು. ಅವಳು ಬಂದಳು. ಅಳಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಬಾವಿಕಟ್ಟೆಯ ಬಳಿ ಮಧ್ಯಾಹ್ನದವರೆಗೆ ಒಂದೊಂದೇ ಹೆಜ್ಜೆ ಹಾಕಿ ತೋರಿಸಿದಳು. ಅವರು ತಪ್ಪಿದರೆ ಮತ್ತೆ ತೋರಿಸಿದಳು. ಆ ಮನುಷ್ಯ ಮೊದಲು ಅವಳ ಕಾಲು ನೋಡುತ್ತಿದ್ದವರು ಬರಬರುತ್ತ ಅವಳ ಮುಖ ನೋಡತೊಡಗಿದರು. ಕೊನೆಗೆ ಮೈ ಒರೆಸಿಕೊಂಡು ಬಂದು ಜಗಲಿಯಲ್ಲಿದ್ದ ಮಾಷ್ಟ್ರ ಎದುರು ನಿಂತರು.

"ಅಲ್ದೇ ಮಾಷ್ಟ್ರೇ, ಇಷ್ಟ್ ಚಂದ ಕುಣಿವ ಹೆಣ್ಣ್ ಮನಿಯಗೇ ಇಪ್ಪತಿಗೆ ನನ್ನ್ ಎಂತಕ್ ಕರ್ದದ್ದ್?"

"ನಿಂಗದ್ ಅರ್ಥ ಆತಿಲ್ಲ."

"ಅರ್ಥ ಆಯ್ತ್," ಎಂದರು ಅವರು. "ನಂಗೂ ಎರಡ್ ಹೆಣ್ಣ್ ಮಕ್ಳಿದೊ. ನಾನ್ ಕುಣ್ಸುದಿಲ್ಲ. ಆರೆ ನಾನ್ ಹೆಣ್ಣ್ ಮಕ್ಳ್ ಕುಣಿಕ್ ಅಂದೇಳಿ ಊರ್ ಮೇಲ್ ಹೇಳ್ಕಂಡೂ ತಿರ್ಗುದಿಲ್ಲ. ಒಂಬತ್ತಕ್ ಬಿಡ್ನಿ, ರಾತ್ರಿ ನಂಗ್ ಆಟ ಇತ್ತ್."

ಮಾಷ್ಟ್ರು ಕೊಡೆಯ ಹಿಡಿಯನ್ನು ಬೆರಳಲ್ಲಿ ಕುಟ್ಟುತ್ತ ಕೂತರು. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತು.

ಪ್ರದರ್ಶನ ಚೆನ್ನಾಗಿಯೇ ಆಯಿತು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಆ ಮನುಷ್ಯ ನಿಜಕ್ಕೂ ಹೊಳೆಯ ಹಾಗೆ ಹರಿದರು, ಜನ ಗಂಡಸೆಂದು ಗುರುತಿಸಲೇ ಇಲ್ಲ. ಮಗಳು ಹೆಂಗಸರ ಸಾಲಿನ ಕೊನೆಯಲ್ಲಿ, ಮಾಷ್ಟ್ರ ಹೆಂಡತಿಯ ಪಕ್ಕದಲ್ಲಿ ಸೆರಗು ಹೊದ್ದು ಕೂತಿದ್ದಳು. ನಾನು ಕುಣಿಯುತ್ತ ಒಂದೇ ಸಲ ಅವಳ ಕಡೆ ನೋಡಿದೆ. ಮತ್ತೆ ನೋಡುವ ಧೈರ್ಯ ಬರಲಿಲ್ಲ.

ಮುಗಿದ ಮೇಲೆ ಬ್ರಹ್ಮಾವರದವರು ರಂಗದ ಹಿಂದೆ ಬಂದರು. ಗಂಡಿನ ಅಜ್ಜಿ, ಬಾಯಿ ತುಂಬ ಎಲೆಯಡಿಕೆ, ಕಿವಿ ತುಂಬ ಓಲೆ, ಜೋರು ದನಿಯ ಹೆಂಗಸು. ಸ್ತ್ರೀವೇಷದವರು ಆಗಲೇ ಮೇಳಕ್ಕೆ ಓಡಿದ್ದರು. "ಮಾಷ್ಟ್ರೇ, ನಡೂಗ್ ಹೊಳಿ ಆಯ್ ಕುಣಿತಲೆ, ನಿಮ್ಮ್ ಹೆಣ್ಣ್ ಅದೇಯಾ?" ಎಂದು ಅಜ್ಜಿ ಕೇಳಿದರು.

ಮಾಷ್ಟ್ರು ಗಾಬರಿಯಾದರು. ಎರಡೂ ಕೈ ಅಡ್ಡ ಆಡಿಸಿದರು. "ಛೆ ಛೆ, ಇಲ್ಲ ಅಮ್ಮ. ನಮ್ಮ್ ಮನಿ ಹೆಣ್ಣ್ ಹಾಂಗೆಲ್ಲ ನಾಕ್ ಜನ್ರ್ ಎದ್ರ್ ಕುಣಿವಂಥದ್ದಲ್ಲ."

ನಾವು ಮೂವರೂ ಅಲ್ಲೇ, ಮುಖದ ಬಣ್ಣ ತೆಗೆಯದೆ ನಿಂತಿದ್ದೆವು. ಮಾಷ್ಟ್ರು ನಮ್ಮನ್ನು ಕಂಡಿದ್ದರು. ಕಂಡೂ ಹೇಳಿದರು. ಬೈಂದೂರಿನಲ್ಲಿ ನಮಗೆ ಬೀಳಬೇಕಾಗಿದ್ದ ಸಗಣಿಯನ್ನು ಮೈಮೇಲೆ ಹಾಕಿಕೊಂಡ ಮನುಷ್ಯ, ಅವತ್ತು ತಾವೇ ನಮ್ಮ ಮುಖಕ್ಕೆ ಎಸೆದರು. ನನ್ನ ಪಕ್ಕದಲ್ಲಿದ್ದ ಬೈಂದೂರಿನ ಹುಡುಗಿ ಸೆರಗಿನಿಂದ ಬಣ್ಣ ಉಜ್ಜತೊಡಗಿದಳು. ಕೆನ್ನೆ ಕೆಂಪಾದರೂ ನಿಲ್ಲಿಸಲಿಲ್ಲ.

ಅದಾಗಿ ನೀರು ಇಳಿದ ಮೊದಲ ಬೆಳಿಗ್ಗೆ ಮಾಷ್ಟ್ರು ಹೊಸ ನೃತ್ಯ ಶುರು ಮಾಡೋಣ ಎಂದು ಹೇಳಿಕಳಿಸಿದರು. ಅಮ್ಮ ಹೋಗು ಎಂದಳು, ಹೋದೆ. ಮರಳು ಒರೆಸಿಟ್ಟ ಹಾಗೆ ಖಾಲಿ ಇತ್ತು. ಮಗಳು ಏಳಲಿಲ್ಲ, ಕರೆದರೂ ಬರಲಿಲ್ಲವೆಂದು ಆಮೇಲೆ ತಿಳಿಯಿತು. ಮಾಷ್ಟ್ರು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನಡೆದರು. ಮತ್ತೆ ಕೊಡೆಯನ್ನು ಮರಳಿಗೆ ಚುಚ್ಚಿ, ಧೋತ್ರ ಎತ್ತಿ ಕಟ್ಟಿ, ತಾವೇ ಕುಣಿಯಲು ನಿಂತರು. ತಾಳ ಬಾಯಲ್ಲಿ ಸರಿಯಾಗಿಯೇ ಬರುತ್ತಿತ್ತು, ಕಾಲು ಮಾತ್ರ ಗದ್ದೆ ಉಳುವವರ ಕಾಲಿನ ಹಾಗೆ ಬೀಳುತ್ತಿತ್ತು. ಬಲೆಯವರು ಬಂದು ನಿಂತು ನೋಡಿದರು. ನಾವು ನಗಲಿಲ್ಲ. ನಗು ಬರುವಷ್ಟು ಪ್ರೀತಿ ಉಳಿದಿರಲಿಲ್ಲ.

ತಂಡ ಹಳೆಯ ನೃತ್ಯಗಳಲ್ಲೇ ಇನ್ನೊಂದೆರಡು ಕಡೆ ಕುಣಿದು ನಿಂತುಹೋಯಿತು. ಯುದ್ಧದಿಂದ, ಬಟ್ಟೆ ಸಿಗದ್ದರಿಂದ, ಬಸ್ಸು ಇಲ್ಲದ್ದರಿಂದ ನಿಂತಿತೆಂದು ಪತ್ರಿಕೆಯವರು ಬರೆದಿದ್ದಾರೆ. ಬರೆಯಲಿ.

ಆ ಬೇಸಿಗೆಯಲ್ಲಿ ಮಗಳ ಮದುವೆ, ಮಾಷ್ಟ್ರ ಮನೆಯಂಗಳದ ಚಪ್ಪರದಲ್ಲಿ. ಊಟವಾಗಿ ಹೆಂಗಸರೆಲ್ಲ ಮದುಮಗಳ ಸುತ್ತ ಕೂತು ಎಲೆ ಹಾಕಿಕೊಳ್ಳುತ್ತಿದ್ದೆವು. ಮಾಷ್ಟ್ರು ಬೀಗರಿಗೆ ಉಪಚಾರ ಹೇಳುತ್ತ ಅಲ್ಲಿಗೆ ಬಂದರು. ಗಂಡಿನ ಅಜ್ಜಿ ಅವರನ್ನು ತಡೆದು ನಿಲ್ಲಿಸಿದರು.

"ಊರ್ ಮಕ್ಳಿಗೆಲ್ಲ ಕಲ್ಸದ್ರಿ, ನಿಮ್ಮ್ ಮಗ್ಳಿಗ್ ಒಂದ್ ಹೆಜ್ಜಿ ಕಲ್ಸುಕಾಯ್ಲಿಲ್ಯಾ ಮಾಷ್ಟ್ರೇ? ನಾನ್ ಆವತ್ ಕುಂದಾಪುರಕ್ ಬಂದದ್ದೇ ಮಾಷ್ಟ್ರ್ ಮಗ್ಳ್ ಕುಣುದ್ ಕಾಂಬ ಅಂದೇಳಿ. ನಮ್ಮ್ ಮಾಣಿಗೂ ಅದೇ ಆಸಿ ಇದ್ದಿತ್ತ್. ಇಲ್ಲ ಅಂದ್ರಿ, ಬೇಜಾರ್ ಆಯ್ತ್ ನಂಗ್."

ಮಾಷ್ಟ್ರ ಮುಖ ಅರಳಿತು. ಈಗ ಅಡ್ಡಿಯೇ ಇಲ್ಲವಲ್ಲ! ಮಗಳ ಕಡೆ ತಿರುಗಿ, ನಾನು ಹಿಂದೆಂದೂ ಕೇಳದ ಮೆತ್ತನೆಯ ದನಿಯಲ್ಲಿ, "ಅಜ್ಜಿ ಆಸಿ ಮಾಡ್ತ್ರ್ ಮಗಾ. ಏಳ್, ಒಂಚೂರ್ ತೋರ್ಸ್. ನಾನ್ ಹಾಡ್ತೆ," ಎಂದರು. ಹಾಡಲು ಗಂಟಲನ್ನೂ ಸರಿಮಾಡಿಕೊಂಡರು.

ಮದುಮಗಳು ತಲೆ ಎತ್ತಿದಳು. ಅಪ್ಪನನ್ನು ನೋಡಲಿಲ್ಲ, ಅಜ್ಜಿಯನ್ನೇ ನೋಡಿ ನಕ್ಕಳು.

"ನಂಗ್ ಬತ್ತಿಲ್ಲ ಅಜ್ಜಿ. ಅಪ್ಪಯ್ಯ ಕಲ್ಸಲಿಲ್ಲ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮಾಷ್ಟ್ರ ಮಗಳಿಗೇ ಕುಣಿಯಲು ಬರುವುದಿಲ್ಲವಂತೆ ಎಂದು ಒಬ್ಬರ ಮೈಮೇಲೊಬ್ಬರು ಬಿದ್ದು ನಕ್ಕರು. ಆ ನಗುವಿನ ನಡುವೆ ಮಾಷ್ಟ್ರು ಮಗಳ ಎದುರು ನಿಂತೇ ಇದ್ದರು, ಬಾಯಿ ಅರ್ಧ ತೆರೆದುಕೊಂಡು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡೆ. ಕಂಡವಳು ನಾನೊಬ್ಬಳೇ ಇರಬೇಕು. ಕನಿಕರ ಬರಬೇಕಾಗಿತ್ತು. ಬರಲಿಲ್ಲ. ಪತ್ರಿಕೆಯಲ್ಲಿ ಅವರ ಫೋಟೋ ನೋಡಿದಾಗಲಾದರೂ ಬಂದೀತೇ ಎಂದು ಬಹಳ ಹೊತ್ತು ನೋಡಿದೆ, ಆಗಲೂ ಬರಲಿಲ್ಲ.